ನಕ್ಷೆಗಾರನ ಅಡುಗೆಮನೆ ತಂಗುದಾಣ

ನಗರ ಯೋಜನೆಯಲ್ಲಿ ನಾಗರಿಕರ ಒಮ್ಮತವು ಶೇಕಡಾ ನೂರನ್ನು ಮುಟ್ಟಿದ ವರ್ಷವೇ ನಗರಸಭೆಯ ನಕ್ಷೆಗಾರನ ಮನೆಯಲ್ಲಿ ಒಲೆ ಆರಿತು. ಎರಡೂ ಸಂಗತಿಗಳು ಕಡತದಲ್ಲಿ ದಾಖಲಾಗಿವೆ. ಮೊದಲನೆಯದು ‘ಸಾಧನೆಗಳು’ ಎಂಬ ಶೀರ್ಷಿಕೆಯಡಿ, ಎರಡನೆಯದು ‘ಇತರೆ’ ಎಂಬ ಶೀರ್ಷಿಕೆಯಡಿ.

ನಕ್ಷೆಗಾರ ಕೆಟ್ಟವನೇನಲ್ಲ. ಯೋಜನಾ ವಿಭಾಗದ ಕಿಟಕಿ ಪಕ್ಕದ ಆರಡಿ ಮೇಜಿನ ಮುಂದೆ ಹನ್ನೆರಡು ವರ್ಷದಿಂದ ತಲೆ ತಗ್ಗಿಸಿ ಕೂತವನು. ಊರಿನ ನಕ್ಷೆಯೆಲ್ಲ ಅವನ ಕೈಯಿಂದಲೇ ಆದದ್ದು. ಕಚೇರಿಯ ನಕ್ಷೆಯಲ್ಲಂತೂ ಒಂದೊಂದು ಮೇಜು, ಒಂದೊಂದು ಕುರ್ಚಿ, ಮೂಲೆಯ ನೀರಿನ ನಲ್ಲಿ ಯಾವುದನ್ನೂ ಬಿಟ್ಟಿರಲಿಲ್ಲ, ಬಿಡುವು ಅಷ್ಟಿತ್ತು. ಅವನ ಬಲಗೈ ಪಕ್ಕ ಮರದ ಹಿಡಿಯ ಒಂದು ಮೊಹರು ಇರುತ್ತಿತ್ತು. ಅದರಲ್ಲಿ ಕೆತ್ತಿದ್ದು ಒಂದೇ ಮಾತು: ‘ಸ್ಥಳಾವಕಾಶವಿಲ್ಲ’. ಜನ ಬೆಂಚು ಕೇಳಲಿ, ನಲ್ಲಿ ಕೇಳಲಿ, ಬಸ್ ಸ್ಟಾಪ್ ಕೇಳಲಿ, ಅರ್ಜಿಯ ಮೇಲೆ ಮೊಹರು ಬೀಳುತ್ತಿತ್ತು. ಜಾಗ ಇದೆಯೋ ಇಲ್ಲವೋ ಎಂದು ಹೋಗಿ ನೋಡಬೇಕಾದರೆ ಜೀಪು ಬೇಕು, ಜೀಪಿಗೆ ಅರ್ಜಿ ಹಾಕಬೇಕು, ಜೀಪು ನಿಲ್ಲಿಸಲು ಕಚೇರಿಯಲ್ಲಿ ಸ್ಥಳಾವಕಾಶವಿರಲಿಲ್ಲವಾದ್ದರಿಂದ ಜೀಪನ್ನೇ ಕೊಂಡಿರಲಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆ ಇವನಿಗೆ ಒಪ್ಪುವುದಿಲ್ಲ. ಇವನು ವರ ಇಡಲು ಜಾಗವಿಲ್ಲ ಎಂದು ದೇವರಿಗೇ ಬರೆದು ತಿಳಿಸುವವನು.

ಹೀಗಿರುವಾಗ ಕಚೇರಿಗೆ ಆ್ಯಪ್ ಬಂತು. ಅದರ ಹೆಸರು ‘ನಗರ ನಮ್ಮ ಬೆರಳಲ್ಲಿ’. ಇನ್ನು ಮುಂದೆ ನಾಗರಿಕರು ಅರ್ಜಿ ಬರೆದು ಸವೆಯಬೇಕಿಲ್ಲ. ಫೋನಿನ ನಕ್ಷೆಯ ಮೇಲೆ ಬೆಂಚು, ಮರ, ನಲ್ಲಿ, ತಂಗುದಾಣ, ಸಾರ್ವಜನಿಕ ಒಲೆಯ ಪುಟ್ಟ ಚಿತ್ರಗಳಿರುತ್ತವೆ, ಬೇಕಾದ್ದನ್ನು ಬೆರಳಿನಿಂದ ಎಳೆದು ಬೇಕಾದಲ್ಲಿ ಇಟ್ಟರೆ ಮುಗಿಯಿತು. ಬಹುಮತ ಬಂದದ್ದನ್ನು ನಗರಸಭೆ ಕಟ್ಟತಕ್ಕದ್ದು.

ಆ ಕಚೇರಿಯಲ್ಲಿ ಒಂದು ಹಳೆಯ ಪದ್ಧತಿಯಿತ್ತು. ಯಾವುದೇ ಹೊಸ ನಮೂನೆ ಬಂದರೂ ಮಾದರಿಗೆಂದು ಒಂದನ್ನು ತುಂಬಿ ತೋರಿಸಬೇಕು. ತುಂಬುವವನು ತನ್ನ ಹೆಸರು, ತನ್ನ ವಿಳಾಸವನ್ನೇ ಬರೆಯಬೇಕು. ಬೇರೆಯವರದು ಬರೆದು, ಅಪ್ಪಿತಪ್ಪಿ ಅದು ಮಂಜೂರಾಗಿಬಿಟ್ಟರೆ ಯಾರು ಹೊಣೆ? ಹೆಡ್ ಗುಮಾಸ್ತರು ಹೀಗೆ ಮಾದರಿಗೆಂದು ತಮ್ಮದೇ ಮರಣ ಪ್ರಮಾಣಪತ್ರಕ್ಕೆ ಮೂರು ಸಲ ಅರ್ಜಿ ಹಾಕಿದ್ದರು. ಎರಡು ಮಂಜೂರಾಗಿದ್ದವು. ಮೂರನೆಯದಕ್ಕೆ ಸಹಿ ಹೊಂದಿಕೆಯಾಗಲಿಲ್ಲ.

ಆ್ಯಪನ್ನು ತೋರಿಸುವ ಕೆಲಸ ನಕ್ಷೆಗಾರನ ಪಾಲಿಗೆ ಬಂತು. ಹನ್ನೊಂದಕ್ಕೆ ಬರಬೇಕಿದ್ದ ಆಯುಕ್ತರು ಒಂದು ಗಂಟೆಗೆ ಬಂದು, ಕುರ್ಚಿಯ ತುದಿಯಲ್ಲಿ ಕೂತು, “ಏನಾದ್ರೂ ಇಟ್ಟು ತೋರಿಸ್ರೀ, ಬೇಗ. ಊಟಕ್ಕೆ ಹೋಗ್ಬೇಕು” ಎಂದರು. ನಕ್ಷೆಗಾರ ಪದ್ಧತಿಯಂತೆ ತನ್ನ ಮನೆಯನ್ನು ಹುಡುಕಿದ. ಕೈಗೆ ಸಿಕ್ಕ ತಂಗುದಾಣವನ್ನು ಎಳೆದು ಅದರ ಮೇಲೆ ಇಟ್ಟ. ಬೆರಳು ದಪ್ಪ, ಮನೆ ಸಣ್ಣದು. ತಂಗುದಾಣ ಹೋಗಿ ಕೂತದ್ದು ಮನೆಯ ಹಿಂಭಾಗದ ಅಡುಗೆಮನೆಯಲ್ಲಿ. ಪರದೆಯ ಮೇಲೆ ಹೂವು ಉದುರಿ, ‘ಧನ್ಯವಾದಗಳು, ಜಾಗೃತ ನಾಗರಿಕರೇ!’ ಎಂಬ ಅಕ್ಷರ ಮೂಡಿತು. ಆಯುಕ್ತರು ಚಪ್ಪಾಳೆ ತಟ್ಟಿದರು, ಆದ್ದರಿಂದ ಎಲ್ಲರೂ ತಟ್ಟಿದರು.

ಸಾರ್ವಜನಿಕರು ತೊಂಬತ್ತು ದಿನಗಳೊಳಗೆ ಅಭಿಪ್ರಾಯ ನೀಡಬಹುದೆಂಬ ಪ್ರಕಟಣೆ ಹೊರಬಿತ್ತು. ಕಾಗದ ಉಳಿಸುವ ಸಲುವಾಗಿ ಆ ಪ್ರಕಟಣೆಯನ್ನು ಆ್ಯಪಿನ ಒಳಗೆ ಮಾತ್ರ ಪ್ರಕಟಿಸಲಾಗಿತ್ತು. ಆ್ಯಪ್ ಇದೆಯೆಂದು ಗೊತ್ತಿದ್ದವರೆಲ್ಲ ಅದನ್ನು ಓದಿದರು. ಅವರೆಲ್ಲ ಕಚೇರಿಯವರೇ.

ತೊಂಬತ್ತೊಂದನೆಯ ದಿನ ವರದಿ ಸಿದ್ಧವಾಯಿತು. ‘ಅಭಿಪ್ರಾಯ ನೀಡಿದ ನಾಗರಿಕರು: ಒಬ್ಬರು. ತಂಗುದಾಣದ ಪರ: ಶೇಕಡಾ ನೂರು. ವಿರೋಧ: ಇಲ್ಲ. ನಕ್ಷೆಗಾರರೇ ಖುದ್ದು ಸ್ಥಳ ಗುರುತಿಸಿರುವುದರಿಂದ ಸ್ಥಳ ಪರಿಶೀಲನೆ ಆಗಿದೆಯೆಂದು ಭಾವಿಸಲಾಗಿದೆ.’ ಇಷ್ಟು ಒಮ್ಮತ ಬೇರೆ ಯಾವ ನಗರದಲ್ಲೂ ಬಂದಿರಲಿಲ್ಲ. ಬೇರೆ ಕಡೆ ಸಾವಿರಾರು ಜನ ಪಾಲ್ಗೊಂಡು, ಜಗಳವಾಡಿ, ಶೇಕಡಾ ಐವತ್ತನ್ನೂ ದಾಟಲಾಗದೆ ಮುಖ ಕೆಡಿಸಿಕೊಂಡಿದ್ದರು. ಆಯುಕ್ತರಿಗೆ ಗಾಜಿನ ಪ್ರಶಸ್ತಿ ಫಲಕವೂ, ಹೊರದೇಶದ ಬಸ್ ಸ್ಟಾಪ್‌ಗಳನ್ನು ನೋಡಿಬರಲು ಹದಿನೈದು ದಿನದ ಅಧ್ಯಯನ ಪ್ರವಾಸವೂ ದೊರೆತವು.

ಕಡತ ನಕ್ಷೆ ಬರೆಯಲೆಂದು ನಕ್ಷೆಗಾರನ ಮುಂದೆಯೇ ಬಂತು. ವಿಳಾಸಕ್ಕಿಂತ ಮೊದಲು ಅವನಿಗೆ ಗುರುತು ಸಿಕ್ಕಿದ್ದು ಆ್ಯಪ್ ಲಗತ್ತಿಸಿದ್ದ ಫೋಟೋದಲ್ಲಿನ ಚಿಲಕ ಮುರಿದ ಕಿಟಕಿ. ಅಭ್ಯಾಸಬಲದಿಂದ ಮೊಹರು ಎತ್ತಿ ಒತ್ತಿಯೂ ಬಿಟ್ಟ. ಆದರೆ ಅದು ಕಂಪ್ಯೂಟರಿನ ಕಡತ. ಪರದೆಯ ಮೇಲಿನ ಶಾಯಿಯನ್ನು ಒರೆಸಿ, ಆಯುಕ್ತರ ಕೋಣೆಗೆ ಓಡಿದ.

“ಸಾರ್, ಅದು ಸ್ಯಾಂಪಲ್ ಸಾರ್. ಆ ನಾಗರಿಕ ನಾನೇ.”

“ಗೊತ್ತು. ನಿಮ್ಮ ಅಭಿಪ್ರಾಯಕ್ಕೆ ನಾವು ಬೆಲೆ ಕೊಟ್ಟಿದ್ದೀವಲ್ಲ?”

“ಈಗ ನಾನೇ ಬೇಡ ಅಂತಿದ್ದೀನಿ ಸಾರ್.”

ಆಯುಕ್ತರು ಗಡಿಯಾರ ನೋಡಿದರು. “ಈಗ ಹನ್ನೊಂದೂವರೆ. ಕಚೇರಿ ಸಮಯದಲ್ಲಿ ನೀವು ನಾಗರಿಕರಲ್ಲ, ನೌಕರರು. ಒಬ್ಬ ನೌಕರ ಬೇಡ ಅಂದ ಅಂತ ನಾಗರಿಕರ ಆಸೆ ಮುರಿಯೋಕಾಗುತ್ತಾ?”

“ಹಾಗಾದ್ರೆ ಅವತ್ತು ಇಟ್ಟಿದ್ದೂ ಕಚೇರಿ ಸಮಯದಲ್ಲೇ ಅಲ್ವಾ ಸಾರ್?”

“ಒಂದು ಗಂಟೆ ಹತ್ತು ನಿಮಿಷ. ಊಟದ ವಿರಾಮ. ಆ್ಯಪ್‌ನಲ್ಲಿ ಸಮಯ ಬಿದ್ದಿದೆ.” ಆಯುಕ್ತರು ದನಿ ತಗ್ಗಿಸಿ, ಪ್ರೀತಿಯಿಂದಲೇ ಹೇಳಿದರು: “ಬಸ್ಸು ಮನೆ ಬಾಗಿಲಿಗೆ ಬರುತ್ತೆ ಕಣ್ರೀ. ನಮ್ಮನೆಗೆ ಬರುತ್ತಾ? ಅಷ್ಟೂ ಬೇಡ ಅಂದ್ರೆ ನಿಯಮ ಹದಿನಾಲ್ಕು ನೋಡಿ. ಹತ್ತು ಜನ ನೆರೆಹೊರೆಯವರ ಸಹಿ ತನ್ನಿ. ಮೊದಲ ಸಹಿ ಪಕ್ಕದ ಮನೆಯವರದೇ ಆಗಿರಬೇಕು.”

ಸಂಜೆ ಸುದ್ದಿ ಕೇಳಿದ ಹೆಂಡತಿ ಕೈಯಲ್ಲಿದ್ದ ಸೌಟನ್ನು ಕೆಳಗಿಡಲಿಲ್ಲ. “ರೀ, ಇಡೀ ಊರಲ್ಲಿ ನಿಮ್ಮ ಬೆರಳಿಗೆ ಸಿಕ್ಕಿದ್ದು ನನ್ನ ಒಲೆ ಒಂದೇನಾ?”

“ಸ್ಯಾಂಪಲ್‌ಗೆ ಕಣೇ. ಪದ್ಧತಿ.”

“ಸ್ಯಾಂಪಲ್‌ಗೆ ನಿಮ್ಮ ಟೇಬಲ್ ಇರ್ಲಿಲ್ವಾ?”

ಹನ್ನೆರಡು ವರ್ಷದಲ್ಲಿ ಯಾರೂ ನಕ್ಷೆಗಾರನನ್ನು ಇಂಥ ಪ್ರಶ್ನೆ ಕೇಳಿರಲಿಲ್ಲ.

ಒಳಕೋಣೆಯಿಂದ ತಾಯಿ ಕೂಗಿ ಕೇಳಿದರು: “ಏನಂತೆ ಮಗಾ?” ಎಂಬತ್ತು ದಾಟಿದ ಆಕೆಗೆ ಬಾಯಲ್ಲಿ ಒಂದೂ ಹಲ್ಲಿರಲಿಲ್ಲ, ಹೊತ್ತು ಹೊತ್ತಿಗೆ ಬಿಸಿ ಗಂಜಿ ಸಿಕ್ಕಿದರೆ ಆಯಿತು, ಬೇರೆ ಯಾವ ರಗಳೆಯೂ ಇರಲಿಲ್ಲ.

“ಬಸ್ಸು ಬರುತ್ತಂತೆ ಅತ್ತೆ, ಅಡುಗೆಮನೆಗೆ.”

“ಎಷ್ಟು ಜನಕ್ಕೆ ಅಡುಗೆ ಮಾಡ್ಬೇಕು?” ಎಂದರು ತಾಯಿ.

ಪಕ್ಕದ ಮನೆಯವನು ದರ್ಜಿ. ಒಂದು ಕಾಲು ಸರಿಯಿಲ್ಲ. ಹೊಲಿದ ಬಟ್ಟೆಯ ಗಂಟನ್ನು ಹೆಗಲಿಗೇರಿಸಿ, ಕುಂಟುತ್ತ, ಬಸ್ಸಿಗೆಂದು ಒಂದೂವರೆ ಮೈಲಿ ನಡೆಯುತ್ತಿದ್ದ. ಅವನನ್ನು ನಕ್ಷೆಗಾರ ದಿನಾ ಸ್ಕೂಟರಿನಿಂದ ನೋಡುತ್ತಿದ್ದ. ಪಾಪ ಎಂದೂ ಅಂದುಕೊಳ್ಳುತ್ತಿದ್ದ. ಈಗ ಸಹಿಗಾಗಿ ಅವನ ಬಾಗಿಲಲ್ಲಿ ನಿಂತಾಗ ದರ್ಜಿ ಮಿಷನ್ ನಿಲ್ಲಿಸಿ, ಸ್ಟೂಲು ಕೊಟ್ಟು, ಎಲ್ಲವನ್ನೂ ಸಮಾಧಾನದಿಂದ ಕೇಳಿಸಿಕೊಂಡ. ಆಮೇಲೆ ಒಂದು ಬಿಸ್ಕತ್ತಿನ ಡಬ್ಬಿ ತಂದು ತೆರೆದ. ಒಳಗೆ ಹನ್ನೊಂದು ಕಾಗದ, ಇಸ್ತ್ರಿ ಮಾಡಿ ಮಡಿಚಿಟ್ಟದ್ದು.

“ವರ್ಷಕ್ಕೊಂದರಂತೆ ಬರೆದೆ ಅಣ್ಣಾ, ಈ ರಸ್ತೆಗೆ ಒಂದು ಬಸ್ ಸ್ಟಾಪ್ ಕೊಡಿ ಅಂತ.”

ಹನ್ನೊಂದರ ಮೇಲೂ ಮೊಹರಿತ್ತು. ಸ್ಥಳಾವಕಾಶವಿಲ್ಲ. ಕೆಳಗೆ ನಕ್ಷೆಗಾರನ ಸಹಿ.

“ಸಹಿ ನಂದು ಅಂತ ಗೊತ್ತಿತ್ತಾ?”

“ಮೊದಲ್ನೇ ಸಲಾನೇ ಗೊತ್ತಾಯ್ತು.”

“ಮತ್ತೆ ನನ್ನನ್ನೇ ಕೇಳಬಹುದಿತ್ತಲ್ಲ? ಪಕ್ಕದ ಮನೆ!”

“ಪಕ್ಕದ ಮನೆಯವರನ್ನ ಕೇಳೋಕೆ ಸಂಕೋಚ ಅಣ್ಣಾ. ಅದೂ ಅಲ್ದೆ, ಇಲ್ಲೇ ಇರೋರು ನೀವು, ಜಾಗ ಇಲ್ಲ ಅಂದ್ರೆ ಇಲ್ಲವೇ ಇರ್ಬೇಕು ಅಂದ್ಕೊಂಡೆ. ಈಗ ನೋಡಿದ್ರೆ, ಇತ್ತು.” ದರ್ಜಿ ಕಾಗದಗಳನ್ನು ಮತ್ತೆ ಮಡಿಕೆ ಸರಿಯಾಗಿ ಜೋಡಿಸಿದ. “ನಿಮಗೆ ಅಂಗಿ ಬೇಕಾದ್ರೆ ಸುಮ್ನೆ ಹೊಲಿದು ಕೊಡ್ತೀನಿ. ಸಹಿ ಮಾತ್ರ ಕೇಳ್ಬೇಡಿ.”

ನಕ್ಷೆಗಾರನಿಗೆ ನಾಚಿಕೆಯಾಯಿತು. ಕಚೇರಿ ಕೆಲಸದ ಬಗ್ಗೆ ಅವನಿಗೆ ನಾಚಿಕೆಯಾದದ್ದು ಅದೇ ಮೊದಲು; ಅದಕ್ಕೆ ಯಾವ ನಮೂನೆ ತುಂಬಬೇಕೆಂದು ಅವನಿಗೆ ತಿಳಿಯಲಿಲ್ಲ. ಮಾಡಿದ್ದುಣ್ಣೋ ಮಹಾರಾಯ ಎಂದು ತನಗೆ ತಾನೇ ಹೇಳಿಕೊಂಡು ಬರಿಗೈಯಲ್ಲಿ ಮನೆಗೆ ಬಂದ. ಉಣ್ಣಲು ಅವತ್ತಿಗೆ ಇನ್ನೂ ಏನೋ ಇತ್ತು.

ಸೋಮವಾರ ಬೆಳಿಗ್ಗೆ ಗೋಡೆ ಒಡೆಯುವವರು ಬಂದರು. ಅಡುಗೆಮನೆಯ ಹೊರಗೋಡೆ ಹಿಂದಿನ ರಸ್ತೆಗೆ ತಗುಲಿಕೊಂಡೇ ಇದ್ದುದರಿಂದ ಹೆಚ್ಚಿನ ಕೆಲಸವೇನೂ ಇರಲಿಲ್ಲ. ಗೋಡೆ ತೆಗೆದರು, ಮೇಲ್ಛಾವಣಿ ಹೇಗೂ ಇತ್ತು. ಒಲೆಯ ಕಟ್ಟೆಯನ್ನು ಆಸನವೆಂದು ಘೋಷಿಸಲಾಯಿತು. ಸೌಟು ನೇತುಹಾಕುವ ಮೊಳೆಗೆ ಬಸ್ಸಿನ ವೇಳಾಪಟ್ಟಿ ಬಂತು. ಬುಧವಾರ ಒಂಬತ್ತು ಇಪ್ಪತ್ತಕ್ಕೆ ಮೊದಲ ಬಸ್ಸು ಬಂದು, ಉಪ್ಪಿನ ಡಬ್ಬಿ ಇಡುತ್ತಿದ್ದ ಜಾಗದೆದುರು ನಿಂತು, ಹತ್ತೊಂಬತ್ತು ಜನರನ್ನು ಹತ್ತಿಸಿಕೊಂಡು ಹೋಯಿತು. ಮೊದಲು ಹತ್ತಿದವನು ದರ್ಜಿ.

ಇಷ್ಟಾದರೂ ಹೆಂಡತಿ ಪಡಸಾಲೆಯಲ್ಲಿ ಒಲೆ ಹೂಡಿ ಹೇಗೋ ಸುಧಾರಿಸುತ್ತಿದ್ದಳು. ಆದರೆ ಪ್ರಯಾಣಿಕರ ಸುರಕ್ಷತಾ ನಿಯಮ ಇಪ್ಪತ್ತೆರಡರ ಪ್ರಕಾರ ತಂಗುದಾಣದಿಂದ ಹತ್ತು ಮೀಟರ್ ಒಳಗೆ ಬೆಂಕಿ ಹೊತ್ತಿಸುವಂತಿಲ್ಲ. ಮನೆಯ ಒಟ್ಟು ಉದ್ದ ಎಂಟು ಮೀಟರ್. ತಪಾಸಣೆಗೆ ಬಂದವರು ಟೇಪು ಹಿಡಿದು ಅಳೆದರು. ಟೇಪು ಮನೆಯ ಮುಂಬಾಗಿಲು ದಾಟಿ, ಹೊಸಿಲು ದಾಟಿ, ಬೀದಿಯ ನಡುವೆ ಹೋಗಿ ನಿಂತಿತು. ಅಲ್ಲಿ ಒಲೆ ಹೂಡಬಹುದೆಂದು ಅವರು ಲಿಖಿತವಾಗಿ ತಿಳಿಸಿದರು. ಬೀದಿಯ ನಡುವೆ ಒಲೆ ಹೂಡುವುದು ಬೇರೆ ನಿಯಮದಡಿ ಅಪರಾಧವೆಂದು ಅದೇ ಪತ್ರದ ಎರಡನೇ ಪುಟದಲ್ಲಿತ್ತು.

ಮೂರು ವಾರ ಆ ಮನೆಯಲ್ಲಿ ಬಿಸಿ ಎಂಬುದಿರಲಿಲ್ಲ. ತಣ್ಣನೆ ಹಾಲಿನಲ್ಲಿ ಬ್ರೆಡ್ಡು ನೆನೆಸಿ ತಾಯಿಗೆ ಕೊಡುತ್ತಿದ್ದರು. ಆಕೆ ದೂರಲಿಲ್ಲ. ತಂಗುದಾಣದ ಕಡೆಯ ಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡು, ಬಂದವರನ್ನೆಲ್ಲ “ಎಲ್ಲಿಗೆ ಹೊರಟ್ರಿ? ಊಟ ಆಯ್ತಾ?” ಎಂದು ವಿಚಾರಿಸುತ್ತ ಕೂತಿರುತ್ತಿದ್ದರು. ಆದರೆ ಆಕೆಯ ಕೆನ್ನೆ ಒಳಗೆ ಹೋಗುತ್ತಿತ್ತು. ಒಂದು ದಿನ ಬಟ್ಟಲನ್ನು ಅರ್ಧಕ್ಕೇ ಸರಿಸಿ, “ಸಾಕು ಮಗಾ, ನಾಲಿಗೆಗೆ ಇದೆಲ್ಲ ಒಂದೇ ಥರ ಅನ್ನಿಸ್ತಿದೆ” ಎಂದಾಗ ನಕ್ಷೆಗಾರ ಮುಖ ತಿರುಗಿಸಿಕೊಂಡು ಅತ್ತುಬಿಟ್ಟ. ಹೆಂಡತಿ ಅಳಲಿಲ್ಲ. ಅವಳು ಎದ್ದು ಹೋಗಿ ತನ್ನ ಅಡುಗೆಮನೆಯಲ್ಲಿ ನಿಂತಳು.

ಅಲ್ಲಿ ಗೋಡೆಯ ಮೇಲೆ ಹಿತ್ತಾಳೆಯ ಒಂದು ಫಲಕವಿತ್ತು. ನಾಗರಿಕರ ಅಭಿಪ್ರಾಯದಿಂದ ಕಟ್ಟಿದ್ದಕ್ಕೆಲ್ಲ ಅಂಥದೊಂದು ಫಲಕ ಹಾಕತಕ್ಕದ್ದೆಂದು ನಿಯಮ. ‘ಇದು ನಿಮ್ಮ ಬೆರಳಿನ ಕೊಡುಗೆ. ನೀವೂ ಪಾಲ್ಗೊಳ್ಳಿ’ ಎಂದು ಬರೆದು, ಆ್ಯಪನ್ನು ಫೋನಿಗೆ ಇಳಿಸಿಕೊಳ್ಳುವ ಬಗೆಯನ್ನು ಕೆಳಗೆ ಕೊಟ್ಟಿದ್ದರು. ಇಡೀ ನಗರದಲ್ಲಿ ಆ್ಯಪಿನ ಸಂಗತಿ ಕಚೇರಿಯಿಂದ ಹೊರಗೆ ಪ್ರಕಟವಾಗಿದ್ದದ್ದು ಅದೊಂದೇ ಕಡೆ. ಅವಳು ಎರಡು ಸಲ ಓದಿದಳು. ಆಮೇಲೆ ಬಸ್ಸಿಗೆ ಕಾದು ನಿಂತಿದ್ದವರ ಸಾಲಿನತ್ತ ತಿರುಗಿದಳು.

“ನೀವೆಲ್ಲ ನಿಂತಿರೋದು ನನ್ನ ಅಡುಗೆಮನೇಲಿ.”

ಸಾಲಿನಲ್ಲಿದ್ದ ಒಬ್ಬರು ಚಪ್ಪಲಿ ಕಳಚಿ ಪಕ್ಕಕ್ಕಿಟ್ಟರು.

“ನಿಮಗೆ ಬಸ್ ಸ್ಟಾಪ್ ಸಿಕ್ತು, ಸಂತೋಷ. ಬೇಡ ಅನ್ನಲ್ಲ. ನಮ್ಮತ್ತೆಗೆ ಗಂಜಿ ಕಾಯಿಸೋಕೆ ಒಂದು ಒಲೆ ಬೇಕು. ಬಸ್ಸು ಬರೋಕೆ ಇನ್ನೂ ಇಪ್ಪತ್ತು ನಿಮಿಷ ಇದೆ, ಹೇಗೂ ಎಲ್ಲರ ಕೈಲೂ ಫೋನಿದೆ. ಬೆರಳು ಸ್ವಲ್ಪ ಆಡಿಸ್ರಪ್ಪ.”

“ಒಲೆ ಎಲ್ಲಿಡೋದು ಅಕ್ಕಾ?” ಎಂದ ದರ್ಜಿ. ಮೊದಲು ಫೋನು ತೆಗೆದವನೂ ಅವನೇ.

ಅವಳು ನಕ್ಷೆ ತೆರೆದಳು. ಬೀದಿಗಳೆಲ್ಲ ಬರೀ ಗೆರೆ. ಒಂದು ಕಟ್ಟಡ ಮಾತ್ರ ಮೇಜು, ಕುರ್ಚಿ, ನೀರಿನ ನಲ್ಲಿ ಸಮೇತ ಸ್ಪಷ್ಟವಾಗಿತ್ತು. ಕಿಟಕಿಯ ಪಕ್ಕ ಗಾಳಿ ಬೆಳಕು ಚೆನ್ನಾಗಿರುವ ಒಂದು ಮೇಜು, ಆರಡಿ ಉದ್ದ. ಅವಳ ಬೆರಳು ತೆಳ್ಳಗಿತ್ತು. ಗುರಿ ತಪ್ಪಲಿಲ್ಲ.

ಅಂದಿನ ಬಸ್ಸು ಅರ್ಧ ಗಂಟೆ ತಡವಾಯಿತು. ಪ್ರಜೆಗಳ ಪಾಲ್ಗೊಳ್ಳುವಿಕೆಗೆ ಸಾರಿಗೆಯವರು ಕೊಟ್ಟ ಕಾಣಿಕೆ ಅದೆಂದು ಮುಂದೆ ವರದಿಯಲ್ಲಿ ನೆನೆಯಲಾಯಿತು. ಅಭಿಪ್ರಾಯ ನೀಡಿದ ನಾಗರಿಕರು: ನಲವತ್ತೊಂದು. ಪರ: ನಲವತ್ತೊಂದು. ಪಾಲ್ಗೊಳ್ಳುವಿಕೆ ಹಿಂದಿನ ಸಲಕ್ಕಿಂತ ನಲವತ್ತೊಂದು ಪಟ್ಟು ಹೆಚ್ಚಿರುವುದನ್ನು ಕಂಡು ಪ್ರವಾಸದಲ್ಲಿದ್ದ ಆಯುಕ್ತರು ತೊಂಬತ್ತು ದಿನ ಕಾಯದೆ ಅಲ್ಲಿಂದಲೇ ಒಪ್ಪಿಗೆ ಕಳುಹಿಸಿದರು. ಏನನ್ನು ಒಪ್ಪಿದೆವೆಂದು ಅವರು ಓದಿರಲಿಲ್ಲ; ಪಟ್ಟು ಮಾತ್ರ ಓದಿದ್ದರು.

ಈ ಸಲದ ಜಾಗ ಕಚೇರಿಯ ಒಳಗಿನದಾದ್ದರಿಂದ ಕಾಗದದ ಮೇಲೆ ಒಂದು ಸ್ಥಳ ವರದಿ ಬೇಕಾಗಿತ್ತು. ಹೆಡ್ ಗುಮಾಸ್ತರು ಅದನ್ನು ನಕ್ಷೆಗಾರನ ಮುಂದಿಟ್ಟು, “ನೋಡಿ, ನಿಮ್ಮ ಟೇಬಲ್ಲು. ಹಾಕಿಬಿಡಿ ಮೊಹರು, ಬೆರಳು ತೋರಿಸಿದ್ರೆ ಹಸ್ತ ನುಂಗೋ ಜನ” ಎಂದರು.

ನಕ್ಷೆಗಾರನ ಕೈ ಮೊಹರಿನ ಮೇಲೆ ಹೋಯಿತು. ಹಿಡಿಯದೆ ಹಿಂದೆ ಬಂತು. ಆಮೇಲೆ ಅವನು ಎದ್ದು, ಹನ್ನೆರಡು ವರ್ಷದಲ್ಲಿ ಮೊದಲ ಬಾರಿಗೆ ಟೇಪು ಹಿಡಿದು ಒಂದು ಜಾಗವನ್ನು ನಿಜವಾಗಿ ಅಳೆದ. ನಕ್ಷೆಗಳು ಮೂರಡಿ, ಒಲೆ ಎರಡಡಿ, ಪಾತ್ರೆಗೆ ಒಂದಡಿ. ಎಲ್ಲ ಹಿಡಿಸುತ್ತಿತ್ತು.

“ಇದೆ,” ಎಂದ.

“ಇದೆ ಅನ್ನೋ ಮೊಹರು ನಮ್ಮಲ್ಲಿಲ್ಲವಲ್ರೀ!” ಹೆಡ್ ಗುಮಾಸ್ತರು ಗಾಬರಿಯಾದರು. “ಮಾಡಿಸಬೇಕಂದ್ರೆ ಎಂಟು ತಿಂಗಳು.”

“ಕೈಲಿ ಬರೀತೀನಿ.”

ಬರೆದ. ಮಾರನೇ ದಿನ ಅವನ ಹೆಂಡತಿ, ತಾಯಿ, ಒಂದು ಒಲೆ ಮತ್ತು ಏಳು ಪಾತ್ರೆ ಅಡುಗೆಮನೆಯಲ್ಲಿ ಬಸ್ಸು ಹತ್ತಿ ಅಡುಗೆಮನೆಗೆ ಬಂದಿಳಿದವು.

ಈಗ ಎಲ್ಲವೂ ಸುಸೂತ್ರವಾಗಿ ನಡೆಯುತ್ತಿದೆ. ಬೆಳಿಗ್ಗೆ ಯೋಜನಾ ವಿಭಾಗದಲ್ಲಿ ಈರುಳ್ಳಿ ಹುರಿಯುವ ವಾಸನೆ ಬರುತ್ತದೆ. ಆದ್ದರಿಂದ ನೌಕರರು ಹೊತ್ತಿಗೆ ಸರಿಯಾಗಿ ಬರುತ್ತಾರೆ. ತಾಯಿ ಕಿಟಕಿಯ ಪಕ್ಕ ಕೂತು ಅರ್ಜಿ ತಂದವರನ್ನು “ಊಟ ಆಯ್ತಾ?” ಎಂದು ಕೇಳುತ್ತಾರೆ, ಆ ಕಚೇರಿಯಲ್ಲಿ ಸಾರ್ವಜನಿಕರನ್ನು ಏನನ್ನಾದರೂ ಕೇಳಿದ್ದು ಅದೇ ಮೊದಲು. ಆಕೆಯ ಕೆನ್ನೆ ಮತ್ತೆ ತುಂಬಿಕೊಂಡಿದೆ. ತಂಗುದಾಣದ ಮೆಟ್ಟಿಲಿಗೆ ಒಂದು ಹಿಡಿಕಂಬಿ ಬೇಕೆಂದು ದರ್ಜಿ ಹನ್ನೆರಡನೆಯ ಅರ್ಜಿ ತಂದಾಗ ನಕ್ಷೆಗಾರ ಎಡಗೈಯಲ್ಲಿ ಪಲ್ಯ ತಿರುವುತ್ತ ಬಲಗೈಯಲ್ಲಿ ಮೊಹರಿಗಾಗಿ ತಡಕಾಡಿದ. ಮೊಹರು ಅಲ್ಲಿರಲಿಲ್ಲ. ಹೀಗಾಗಿ ಹೋಗಿ ನೋಡಬೇಕಾಯಿತು; ಹೇಗೂ ಮನೆ. ಕಂಬಿ ಹಾಕಲಾಗಿದೆ.

ಮೊಹರು ಹೆಂಡತಿಯ ಬಳಿಯಿತ್ತು. ಮಧ್ಯಾಹ್ನದ ಊಟಕ್ಕೆ ಕಚೇರಿಯವರೂ ಅರ್ಜಿದಾರರೂ ಮುಗಿಬೀಳತೊಡಗಿದ್ದರಿಂದ ಅವಳು ಚೀಟಿಯ ವ್ಯವಸ್ಥೆ ಮಾಡಿದ್ದಳು. ಮೊದಲ ತಟ್ಟೆ ಅತ್ತೆಗೆ, ಆಮೇಲೆ ಬಂದವರು ಬಂದ ಕ್ರಮದಲ್ಲಿ.

ಪ್ರವಾಸ ಮುಗಿಸಿ ಬಂದ ಆಯುಕ್ತರು ಮೊದಲ ದಿನವೇ ಒಂದು ಗಂಟೆ ಹತ್ತು ನಿಮಿಷಕ್ಕೆ ವಾಸನೆ ಹಿಡಿದು ಯೋಜನಾ ವಿಭಾಗಕ್ಕೆ ಬಂದರು. ಬೆಂಚು ತುಂಬಿತ್ತು. ತುದಿಯಲ್ಲಿ ದರ್ಜಿ ಕೂತು ಉಣ್ಣುತ್ತಿದ್ದ. ಆಯುಕ್ತರು ಚೀಟಿ ಚಾಚಿ, “ನಾನು ಆಯುಕ್ತ” ಎಂದರು.

“ಊಟದ ವಿರಾಮದಲ್ಲಿ ನೀವು ನಾಗರಿಕರು ಸಾರ್,” ಎಂದಳು ಅವಳು. ತಲೆಯೆತ್ತದೆ ಚೀಟಿಯ ಮೇಲೆ ಮೊಹರು ಒತ್ತಿ ವಾಪಸು ಕೊಟ್ಟಳು.

ಆಯುಕ್ತರು ಚೀಟಿಯನ್ನು ಬೆಳಕಿಗೆ ಹಿಡಿದು ಓದಿದರು. ಅಕ್ಷರ ಸ್ಪಷ್ಟವಾಗಿತ್ತು, ಶಾಯಿ ಸರಿಯಾಗಿ ಬಿದ್ದಿತ್ತು. ಕ್ರಮಬದ್ಧವಾಗಿದೆ ಎಂದು ತಲೆಯಾಡಿಸಿ, ತಮ್ಮ ಕೋಣೆಗೆ ಹಿಂತಿರುಗಿ, ಗಾಜಿನ ಫಲಕದ ಪಕ್ಕ ಕೂತು, ಡಬ್ಬಿಯಲ್ಲಿದ್ದ ತಣ್ಣನೆ ಬ್ರೆಡ್ಡನ್ನು ತಿಂದರು.